ಎಂಟು ನೂರು ರೂಪಾಯಿಯ ಕಾರ್ಖಾನೆ

ಸಣ್ಣ ಉದ್ಯಮವೊಂದು ಏಳುವುದಕ್ಕೂ ಬೀಳುವುದಕ್ಕೂ ಕಾರಣವೇನೆಂದು ಕೇಳಿದರೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ಬಂಡವಾಳ. ಹಣವಿದ್ದರೆ ನಡೆಯಿತು, ಇಲ್ಲದಿದ್ದರೆ ಮುಳುಗಿತು. ಬ್ಯಾಂಕಿನವರೂ ಸಾಲ ಕೊಡುವ ಮುನ್ನ ಜಾಮೀನು ಯಾರದು, ಜಾಗ ಯಾರದು, ಯಂತ್ರ ಎಲ್ಲಿಂದ ತರಿಸುತ್ತೀರಿ ಎಂದೆಲ್ಲ ಕೇಳುತ್ತಾರೆ. ನೀವು ತಯಾರಿಸಲಿರುವ ಪದಾರ್ಥವನ್ನು ನಿಮ್ಮ ಕೈಯಾರೆ ಒಮ್ಮೆಯಾದರೂ ಮಾಡಿ, ಕೆಡಿಸಿ, ಮತ್ತೆ ಮಾಡಿ ನೋಡಿದ್ದೀರಾ ಎಂದು ಕೇಳುವವರು ವಿರಳ. ನಮ್ಮ ದೇಶದ ಕೈಗಾರಿಕೆಗಳ ಆರಂಭದ ಕಾಲವನ್ನು ತೆರೆದು ನೋಡಿದರೆ, ಈ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕಿತ್ತೇನೋ ಎನ್ನಿಸುತ್ತದೆ.

ಹೊರನಾಡಿನಲ್ಲಿರುವ ನಮಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಏಳದ ಮಾಲೀಕನ ಹೋಟೆಲಿಗೂ, ನಸುಕಿನಲ್ಲೇ ಅಡಿಗೆಮನೆಗೆ ಹೋಗಿ ಹಿಟ್ಟು ಹುದುಗು ಬಂದಿದೆಯೇ ಎಂದು ನೋಡುವ ಮಾಲೀಕನ ಹೋಟೆಲಿಗೂ ಇರುವ ಅಂತರ ನಮ್ಮ ನಾಲಿಗೆಗೆ ಗೊತ್ತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಂತಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದವರು ತಾವೇ ಎಂದು ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯವರು ಹೇಳಿಕೊಳ್ಳುತ್ತಾರೆ. ಅದನ್ನು ಯಾರೂ ಸಂಶೋಧನೆ ಎಂದು ಕರೆಯಲಿಲ್ಲ. ಆದರೆ ಅದು ಸಂಶೋಧನೆಯಲ್ಲದೆ ಮತ್ತೇನು? ಪ್ರಯೋಗಶಾಲೆ ಎಂದರೆ ಗಾಜಿನ ಕೊಳವೆಗಳೇ ಇರಬೇಕೆಂಬ ನಿಯಮವಿಲ್ಲ.

ಆದರೂ ನಾವು ಇಲ್ಲಿ ಹೇಳಹೊರಟಿರುವುದು ಗಾಜಿನ ಕೊಳವೆಗಳಿದ್ದ ಒಂದು ಸಂಸ್ಥೆಯ ಕಥೆಯನ್ನೇ. ಕಲಕತ್ತೆಯ ಬಂಗಾಲ್ ಕೆಮಿಕಲ್ ಮತ್ತು ಅದನ್ನು ಹುಟ್ಟುಹಾಕಿದ ಆಚಾರ್ಯ ಪ್ರಫುಲ್ಲಚಂದ್ರ ರಾಯರ ಹೆಸರನ್ನು ವಿಜ್ಞಾನ ಓದಿದವರೆಲ್ಲ ಕೇಳಿದ್ದಾರೆ. ಬಿ.ಎಸ್‌ಸಿ. ಓದುವಾಗ ನಮಗೂ ಪಠ್ಯದಲ್ಲಿ ಒಂದು ಸಾಲು ಬಂದಿತ್ತು: 1896ರಲ್ಲಿ ಮರ್ಕ್ಯುರಸ್ ನೈಟ್ರೈಟ್ ಎಂಬ ಲವಣವನ್ನು ತಯಾರಿಸಿದ ಭಾರತೀಯ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅದೇ ಪ್ರಾಧ್ಯಾಪಕರು ಅದೇ ವರ್ಷಗಳಲ್ಲಿ ದಿನವೂ ಸಂಜೆ ಮನೆಗೆ ಬಂದು ಔಷಧದ ಬಾಟಲಿ ತುಂಬಿಸುತ್ತಿದ್ದರೆಂಬುದನ್ನು ಪಠ್ಯ ಹೇಳಲಿಲ್ಲ.

ರಾಯರು ಹುಟ್ಟಿದ್ದು 1861ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾ ಜಿಲ್ಲೆಯ ರಾರುಲಿ ಗ್ರಾಮದಲ್ಲಿ. ಗಿಲ್‌ಕ್ರೈಸ್ಟ್ ವಿದ್ಯಾರ್ಥಿವೇತನ ಪಡೆದು ಸ್ಕಾಟ್ಲೆಂಡಿನ ಎಡಿನ್‌ಬರೋಕ್ಕೆ ಹೋಗಿ, 1887ರಲ್ಲಿ ಡಿ.ಎಸ್‌ಸಿ. ಪದವಿಯೊಂದಿಗೆ ಸಿದ್ಧರಾಗಿ, ಮರು ವರ್ಷ ಊರಿಗೆ ಮರಳಿದರು. ಆದರೆ ಶಿಕ್ಷಣ ಇಲಾಖೆಯ ಮೇಲಿನ ಶ್ರೇಣಿ ಬಿಳಿಯರಿಗೆ ಮೀಸಲಾಗಿದ್ದ ಕಾಲ. ತಿಂಗಳುಗಟ್ಟಲೆ ಕಾದ ಮೇಲೆ 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 250 ರೂಪಾಯಿ ಸಂಬಳದ ಸಹಾಯಕ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಅದೂ ಕೆಳಗಿನ, ಪ್ರಾಂತೀಯ ಶ್ರೇಣಿಯಲ್ಲಿ. ತಂದೆಯ ಕಾಲದ ಸಾಲವೂ ತಲೆಯ ಮೇಲಿತ್ತು. ಹೀಗೆ ಸಂಬಳದಲ್ಲಿ ಮಿಗಿಸಿದ ಸುಮಾರು 800 ರೂಪಾಯಿಯಿಂದ 1892ರಲ್ಲಿ 91, ಅಪ್ಪರ್ ಸರ್ಕ್ಯುಲರ್ ರಸ್ತೆಯ ತಮ್ಮ ಬಾಡಿಗೆಯ ಮನೆಯಲ್ಲೇ ಅವರು ಆರಂಭಿಸಿದ ಕೆಲಸವೇ ಬಂಗಾಲ್ ಕೆಮಿಕಲ್.

ಅವರ ಮನಸ್ಸಿನಲ್ಲಿದ್ದುದು ಸರಳವಾದ ಒಂದು ಲೆಕ್ಕ. ಬಂಗಾಳದ ವಿದ್ಯಾವಂತ ಯುವಕರು ಗುಮಾಸ್ತಗಿರಿಗಾಗಿ ಕಚೇರಿಗಳ ಬಾಗಿಲಲ್ಲಿ ಸಾಲುಗಟ್ಟಿದ್ದಾರೆ. (ಗುಮಾಸ್ತರಾದ ನಾವು ಈ ಮಾತನ್ನು ಸ್ವಲ್ಪ ನುಂಗಿಕೊಂಡೇ ಬರೆಯಬೇಕಾಗಿದೆ.) ಇತ್ತ ದೇಶದ ಮೂಲವಸ್ತುಗಳು ಹಡಗು ಹತ್ತಿ ಹೋಗಿ ಔಷಧವಾಗಿ, ಆಮ್ಲವಾಗಿ, ಹತ್ತು ಪಟ್ಟು ಬೆಲೆಗೆ ಮರಳುತ್ತಿವೆ. ರಸಾಯನಶಾಸ್ತ್ರ ಕಲಿತವನು ಈ ನಡುವಿನ ಹೆಜ್ಜೆಯನ್ನು ಇಲ್ಲೇ ಇಟ್ಟರೆ?

ಮೊದಲ ಹೆಜ್ಜೆಯೇ ಎಡವಿತು. ನಿಂಬೆಹಣ್ಣಿನಿಂದ ಸಿಟ್ರಿಕ್ ಆಮ್ಲ ತೆಗೆಯಲು ರಾಯರು ಯತ್ನಿಸಿದರು. ರಸಾಯನದಲ್ಲಿ ತಪ್ಪೇನಿರಲಿಲ್ಲ; ರಸಕ್ಕೆ ಸುಣ್ಣ ಬೆರೆಸಿ, ಆಮೇಲೆ ಗಂಧಕಾಮ್ಲದಿಂದ ಬಿಡಿಸಿದರೆ ಹರಳು ಬರುತ್ತದೆ. ಆದರೆ ಕಲಕತ್ತೆಯ ಪೇಟೆಯಲ್ಲಿ ನಿಂಬೆಯ ಬೆಲೆಗೆ ಅದು ಗಿಟ್ಟಲಿಲ್ಲ. ಮುಂದೆ ಗಂಧಕಾಮ್ಲದತ್ತ ಕಣ್ಣು ಹೋಯಿತು. ಸೀಸದ ಕೋಣೆಗಳಿದ್ದ ಒಂದು ಚಿಕ್ಕ ಆಮ್ಲದ ಕಾರ್ಖಾನೆಯನ್ನು ವಹಿಸಿಕೊಂಡು ನೋಡಿದರು. ಅಷ್ಟು ಸಣ್ಣ ಪ್ರಮಾಣದಲ್ಲಿ ಆಮ್ಲ ತಯಾರಿಸಿದರೆ ಖರ್ಚೇ ಹೆಚ್ಚು ಎಂದು ತಿಳಿದ ಕೂಡಲೇ ಅದನ್ನೂ ಕೈಬಿಟ್ಟರು.

ಸೋತ ಈ ಎರಡು ಪ್ರಯೋಗಗಳನ್ನು ನಾವು ಬೇಕೆಂದೇ ಮೊದಲು ಹೇಳಿದೆವು. ಸ್ಥಾಪಕನೇ ಸಂಶೋಧಕನೂ ಆಗಿದ್ದರೆ ಉದ್ಯಮಕ್ಕೆ ದೊರೆಯುವ ದೊಡ್ಡ ಲಾಭ ಹೊಸ ಆವಿಷ್ಕಾರವೆಂದು ಎಲ್ಲರೂ ಭಾವಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡ ಲಾಭ, ಯಾವುದು ಆಗದು ಎಂಬುದು ಬೇಗನೆ ಮತ್ತು ಅಗ್ಗವಾಗಿ ತಿಳಿಯುವುದು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾದೀತು. ತಪ್ಪನ್ನು ಕಾಣುವವನು ಒಬ್ಬ, ಅದನ್ನು ಕಡತದಲ್ಲಿ ಬರೆಯುವವನು ಮತ್ತೊಬ್ಬ, ಸರಿಪಡಿಸಲು ಅಧಿಕಾರವಿರುವವನು ಮೂರು ಮೇಜು ಆಚೆಗಿನವನು. ಟಿಪ್ಪಣಿ ಮೇಲೆ ಹೋಗಿ ‘ಚರ್ಚಿಸಿ’ ಎಂಬ ಒಂದು ಪದ ಹೊತ್ತು ಕೆಳಗೆ ಬರುವಷ್ಟರಲ್ಲಿ ಹದಿನೈದು ದಿನ. ರಾಯರ ಕಾರ್ಖಾನೆಯಲ್ಲಿ ತಪ್ಪನ್ನು ಕಂಡವರೂ, ಲೆಕ್ಕ ಹಾಕಿದವರೂ, ನಿಲ್ಲಿಸಿದವರೂ ಒಬ್ಬರೇ. ಸಂಬಳಕ್ಕಿರುವ ರಸಾಯನಜ್ಞನಾದರೆ, ಧಣಿ ಹಣ ಹಾಕಿದ್ದಾರಲ್ಲ ಎಂಬ ಭಯಕ್ಕಾದರೂ ನಿಂಬೆಹಣ್ಣನ್ನು ಇನ್ನೊಂದು ವರ್ಷ ಹಿಂಡುತ್ತಿದ್ದ. ಎಂಟು ನೂರು ರೂಪಾಯಿಯ ಕಾರ್ಖಾನೆಗೆ ಒಂದು ವರ್ಷದ ತಪ್ಪನ್ನು ತಾಳುವ ಶಕ್ತಿ ಎಲ್ಲಿಂದ ಬರಬೇಕು?

ಮೂರನೆಯದು ಮೂಳೆಯ ಪ್ರಸಂಗ. ಇದನ್ನು ರಾಯರು ತಮ್ಮ ಆತ್ಮಕಥೆಯಲ್ಲಿ ನಗುನಗುತ್ತಲೇ ಬರೆದಿದ್ದಾರೆ. ಆದರೆ ಅನುಭವಿಸಿದ ದಿನಗಳಲ್ಲಿ ನಗು ಬಂದಿರಲಾರದು. ಆ ಕಾಲದ ಇಂಗ್ಲಿಷ್ ವೈದ್ಯದಲ್ಲಿ ಸೋಡಿಯಂ ಫಾಸ್ಫೇಟಿಗೆ ಒಳ್ಳೆಯ ಬೇಡಿಕೆಯಿತ್ತು; ನರಗಳ ಬಲಕ್ಕೆಂದು ಕೊಡುತ್ತಿದ್ದ ಟಾನಿಕ್‌ಗಳಲ್ಲೂ ಫಾಸ್ಫೇಟುಗಳು ಸೇರುತ್ತಿದ್ದವು. ಎಲ್ಲವೂ ವಿಲಾಯತಿಯಿಂದಲೇ ಬರಬೇಕಿತ್ತು. ಫಾಸ್ಫೇಟಿನ ಮೂಲವಾದ ಮೂಳೆಯಾದರೋ ಕಲಕತ್ತೆಯ ಕಸಾಯಿಖಾನೆಗಳಲ್ಲಿ ಬೇಕಾದಷ್ಟು ಬಿದ್ದಿತ್ತು. ಮೂಳೆಯನ್ನು ಸುಟ್ಟು ಬೂದಿ ಮಾಡಿ, ಬೂದಿಗೆ ಗಂಧಕಾಮ್ಲ ಹಾಕಿ, ಕೆಳಗೆ ನಿಲ್ಲುವ ಜಿಪ್ಸಮ್ಮನ್ನು ಸೋಸಿ ತೆಗೆದು, ತಿಳಿಗೆ ಸೋಡಾ ಬೆರೆಸಿ ಕಾಯಿಸಿ ಆರಿಸಿದರೆ ಸೋಡಿಯಂ ಫಾಸ್ಫೇಟಿನ ಹರಳು. ಕಾಗದದ ಮೇಲೆ ಇಷ್ಟೇ.

ರಾಯರು ರಾಜಾಬಜಾರಿನ ಕಸಾಯಿಯವರಿಂದ ಹಸಿ ಮೂಳೆಯ ಮೂಟೆಗಳನ್ನು ತರಿಸಿ ತಮ್ಮ ಮನೆಯ ತಾರಸಿಯ ಮೇಲೆ ಒಣಗಲು ಹರಡಿಸಿದರು. ಚಳಿಗಾಲ, ಆಕಾಶ ಶುಭ್ರವಾಗಿರುವ ದಿನಗಳೆಂಬ ಧೈರ್ಯ. ಅಕಾಲದಲ್ಲಿ ಮಳೆ ಹಿಡಿಯಿತು. ಮೂಳೆಗೆ ಅಂಟಿದ್ದ ಮಾಂಸ ಕೊಳೆತು ಹುಳು ಬಿದ್ದವು. ಹುಳು ಕಂಡ ಕಾಗೆಗಳು ಹಿಂಡುಹಿಂಡಾಗಿ ಬಂದು, ತಿಂದದ್ದು ಸಾಲದೆಂದು ಚೂರುಗಳನ್ನು ನೆರೆಮನೆಗಳ ಅಂಗಳಕ್ಕೂ ಹಂಚಿದವು. ನಾರುವ ತಾರಸಿಯ ಸುತ್ತ ಸಂಪ್ರದಾಯಸ್ಥ ಗೃಹಸ್ಥರು; ಅವರು ಏನೆಂದಿರಬೇಕೆಂದು ವಾಚಕರೇ ಊಹಿಸಬಹುದು. ನಗರಸಭೆಯ ಆರೋಗ್ಯಾಧಿಕಾರಿಗೆ ದೂರು ಹೋಗುವ ಮಾತೂ ಬಂದಿತು. ಮೂಟೆಗಳನ್ನು ಅವಸರದಲ್ಲಿ ಊರಾಚೆಯ ಮಾಣಿಕ್‌ತಲಾಕ್ಕೆ ಸಾಗಿಸಿ, ಇಟ್ಟಿಗೆಯ ಭಟ್ಟಿಯಂತೆ ಒಟ್ಟಿ ಬೆಂಕಿ ಹಾಕಲಾಯಿತು. ರಾತ್ರಿಯಲ್ಲಿ ಉರಿ ಕಂಡು ಪೋಲೀಸರು ಓಡಿ ಬಂದರು. ಯಾರನ್ನೋ ಕೊಂದು ಹೆಣ ಸುಡುತ್ತಿದ್ದಾರೆಂದು ಅವರ ಸಂಶಯ! ದನದ ಮೂಳೆ ಎಂದು ತೋರಿಸಿದ ಮೇಲೆ ಬಿಟ್ಟರು.

ಬೂದಿ ಸಿಕ್ಕಿತು. ಬೂದಿಯಿಂದ ಹರಳೂ ಬಂದಿತು. ನಿಂಬೆಯಂತೆ ಇದನ್ನು ಕೈಬಿಡಲಿಲ್ಲವೇಕೆ? ಇಲ್ಲಿ ಕೆಟ್ಟದ್ದು ಹವಾಮಾನವೇ ಹೊರತು ಲೆಕ್ಕವಲ್ಲ ಎಂಬುದು ಸ್ವತಃ ಕೆಲಸ ಮಾಡಿದವರಿಗೆ ಮಾತ್ರ ತಿಳಿಯುವ ಸಂಗತಿ. ಹೊರಗಿನಿಂದ ನೋಡಿದವರಿಗೆ ನಿಂಬೆಯ ಸೋಲಿಗಿಂತ ಮೂಳೆಯ ಸೋಲೇ ಭಯಂಕರವಾಗಿ ಕಂಡಿರಬೇಕು. ಯಾವ ಸೋಲು ಕೊನೆಯದು, ಯಾವ ಸೋಲು ಬರಿಯ ಅಡಚಣೆ ಎಂಬ ವಿವೇಕವನ್ನು ಸಂಬಳ ಕೊಟ್ಟು ಕೊಳ್ಳುವುದು ಕಷ್ಟ.

ಹಳೆಯ ಗುಜರಿ ಕಬ್ಬಿಣಕ್ಕೆ ಆಮ್ಲ ಹಾಕಿ ಅನ್ನಭೇದಿಯನ್ನು ತಯಾರಿಸುವುದು ಇನ್ನೂ ಸುಲಭವಾಗಿತ್ತು. ಹೀಗೆ ಒಂದೊಂದಾಗಿ ಪದಾರ್ಥಗಳು ಸೇರಿದವು.

ಮಾಡುವುದು ಒಂದು ಪಾಡು, ಮಾರುವುದು ಇನ್ನೊಂದು. ಔಷಧದಂಗಡಿಯವರು ದೇಶೀ ಬಾಟಲಿಯನ್ನು ಹಿಡಿದು ತಿರುಗಿಸಿ ನೋಡಿ ಬದಿಗಿಡುತ್ತಿದ್ದರು. ವಿಲಾಯತಿ ಚೀಟಿಯಿದ್ದರೆ ಗಿರಾಕಿ ಕಣ್ಣುಮುಚ್ಚಿ ಒಯ್ಯುತ್ತಾನೆ, ಇದನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ವಾದ. ಈ ಅಪನಂಬಿಕೆ ಪೂರ್ತಿ ನಿರಾಧಾರವೂ ಆಗಿರಲಿಲ್ಲ. ಪೇಟೆಯ ಸ್ಥಳೀಯ ತಯಾರಿಕೆಗಳಲ್ಲಿ ಕಲಬೆರಕೆ ಧಾರಾಳವಾಗಿತ್ತು. ಅದನ್ನು ರಾಯರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ; ಏಕೆಂದರೆ ಅದೇ ಕಾಲದಲ್ಲಿ ಅವರು ತುಪ್ಪ ಮತ್ತು ಸಾಸಿವೆ ಎಣ್ಣೆಯ ಕಲಬೆರಕೆಯನ್ನು ಕುರಿತು ಕಾಲೇಜಿನ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಕೆಲಸ ನಡೆಸಿದ್ದರು. ಶುದ್ಧವಾದ ಮಾದರಿ ಬೇಕೆಂದು ಕಣ್ಣೆದುರಿಗೇ ಹಾಲು ಕರೆಸಿ ಬೆಣ್ಣೆ ತೆಗೆಸುತ್ತಿದ್ದರು, ಕಣ್ಣೆದುರಿಗೇ ಗಾಣ ಆಡಿಸುತ್ತಿದ್ದರು. 1894ರಲ್ಲಿ ಆ ಲೇಖನ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಹಗಲು ಬೇರೆಯವರ ಕಲಬೆರಕೆಯನ್ನು ಹಿಡಿಯುವ ಮನುಷ್ಯ ಸಂಜೆ ತನ್ನ ಬಾಟಲಿಯಲ್ಲಿ ಅಳತೆ ತಪ್ಪಿಸಲು ಸಾಧ್ಯವೇ? ಬ್ರಿಟಿಷ್ ಫಾರ್ಮಕೋಪಿಯಾದಲ್ಲಿ ಹೇಳಿದ ಪ್ರಮಾಣವೇ ಅವರ ಪ್ರಮಾಣ.

ಇಲ್ಲಿ ಅವರ ಮಿತ್ರ ಡಾಕ್ಟರ್ ಅಮೂಲ್ಯಚರಣ ಬೋಸರ ಹೆಸರನ್ನು ಹೇಳದೆ ಮುಂದುವರಿಯುವುದು ಅನ್ಯಾಯ. ರಾಯರಿಗೆ ಪ್ರಯೋಗಶಾಲೆ ಗೊತ್ತಿತ್ತು. ಅಮೂಲ್ಯಚರಣರಿಗೆ ವೈದ್ಯರು ಗೊತ್ತಿದ್ದರು. ರಾಧಾಗೋವಿಂದ ಕರ್, ನೀಲರತನ ಸರ್ಕಾರ್ ಮುಂತಾದ ಹೆಸರಾಂತ ವೈದ್ಯರು ಈ ಮನೆಯ ಔಷಧಗಳನ್ನು ರೋಗಿಗಳಿಗೆ ಬರೆದುಕೊಡತೊಡಗಿದರು. ವೈದ್ಯರೇ ಬರೆದುಕೊಟ್ಟ ಮೇಲೆ ಅಂಗಡಿಯವರಿಗೆ ತರಿಸದೆ ಗತ್ಯಂತರವಿರಲಿಲ್ಲ. ನಾಟಿ ಔಷಧಗಳನ್ನು ಇಂಗ್ಲಿಷ್ ಕ್ರಮದಲ್ಲಿ ತಯಾರಿಸುವ ಕೆಲಸವೂ ಸೇರಿತು. ಕೆಮ್ಮಿಗೆ ಆಡುಸೋಗೆಯ ಸಿರಪ್, ಆಮಶಂಕೆಗೆ ಕೊಡಸಿಗೆಯ ಸಾರ, ಯಕೃತ್ತಿನ ತೊಂದರೆಗೆ ನೆಲಬೇವಿನ ಸಾರ, ಅಜೀರ್ಣಕ್ಕೆ ಓಮದ ನೀರು. ನಮ್ಮ ಅಜ್ಜಿಯರು ಹಿತ್ತಲಲ್ಲಿ ಕಿತ್ತು ಕುದಿಸುತ್ತಿದ್ದುದೇ! ವ್ಯತ್ಯಾಸವೆಂದರೆ, ಪ್ರತಿ ಬಾಟಲಿಯಲ್ಲೂ ಅಷ್ಟೇ ಸಾರ ಇರಬೇಕೆಂಬ ಹಟ.

ರಾಯರ ಸಂಜೆಗಳು ಹೀಗೆ ಕಳೆದವು. ಕಾಲೇಜಿನಿಂದ ಬಂದು ಕೆಲಸಕ್ಕೆ ಕೂತರೆ ಕಾಯಿಸುವುದು, ಸೋಸುವುದು, ತೂಗುವುದು, ಆಮೇಲೆ ಲೆಕ್ಕದ ಪುಸ್ತಕ. ತಮಗೆ ಇದು ಆಯಾಸವಲ್ಲ, ವಿರಾಮ ಎಂದು ಅವರು ಭಾವಿಸಿದ್ದರು. ಇಲ್ಲಿ ಒಂದು ಸಂಗತಿಯನ್ನು ನಾವು ಮರೆಮಾಚಬಾರದು. ರಾಯರು ಅವಿವಾಹಿತರು, ಉಡಿಗೆ ತೊಡಿಗೆ ಅತ್ಯಂತ ಸರಳ, ತಿಂಗಳು ತಿಂಗಳಿಗೆ ಸರಕಾರಿ ಸಂಬಳ ತಪ್ಪದೆ ಬರುತ್ತಿತ್ತು. ಬಂಗಾಲ್ ಕೆಮಿಕಲ್‌ನ ನಿಜವಾದ ಬಂಡವಾಳ ಎಂಟು ನೂರು ರೂಪಾಯಿಯಲ್ಲ. ಆ ಸಂಬಳ, ಮತ್ತು ಕೂಲಿ ಬೇಡದ ಒಬ್ಬ ಡಿ.ಎಸ್‌ಸಿ. ಪದವೀಧರನ ಸಂಜೆಗಳು ಲೆಕ್ಕದ ಪುಸ್ತಕದಲ್ಲಿ ಬರೆಯದ ಬಂಡವಾಳವಾಗಿದ್ದವು. ಹೆಂಡತಿ ಮಕ್ಕಳಿರುವ, ಬೇರೆ ವರಮಾನವಿಲ್ಲದ ಯುವಕನಿಗೆ ರಾಯರನ್ನು ತೋರಿಸಿ ‘ಎಂಟು ನೂರಿನಲ್ಲಿ ಕಾರ್ಖಾನೆ ಕಟ್ಟಿದರು ನೋಡು’ ಎನ್ನುವುದು ಅರ್ಧ ಸತ್ಯ ಮಾತ್ರ.

ಪೆಟ್ಟುಗಳೂ ಬಿದ್ದವು. ಅಮೂಲ್ಯಚರಣರ ಭಾವಮೈದುನ ಸತೀಶಚಂದ್ರ ಸಿಂಹ ಎಂಬ ಯುವಕ ರಸಾಯನಶಾಸ್ತ್ರದಲ್ಲಿ ಎಂ.ಎ. ಮಾಡಿ, ಬೇರೆ ಉದ್ಯೋಗದ ಆಸೆ ಬಿಟ್ಟು ಇವರೊಡನೆ ಸೇರಿದ್ದ. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವಾಗ ಹೈಡ್ರೋಸಯಾನಿಕ್ ಆಮ್ಲದ ವಿಷ ತಗಲಿ ಪ್ರಾಣ ಬಿಟ್ಟ. 1898ರಲ್ಲಿ ಅಮೂಲ್ಯಚರಣರನ್ನು ಪ್ಲೇಗ್ ಒಯ್ದಿತು. ಬಾಟಲಿ ತುಂಬುವ ಕೈಯೂ ಹೋಯಿತು, ಮಾರಿಸಿಕೊಡುವ ನಾಲಿಗೆಯೂ ಹೋಯಿತು. ಸ್ಥಾಪಕರು ಮೂರೇ ಜನ ಎಲ್ಲವನ್ನೂ ಹೊತ್ತ ಸಂಸ್ಥೆಯ ದೌರ್ಬಲ್ಯ ಇದೇ. ಅವರ ಅರಿವು ಅವರ ದೇಹದಲ್ಲಿರುತ್ತದೆ, ದೇಹದೊಡನೆ ಹೋಗುತ್ತದೆ.

ರಾಯರು ಇದರಿಂದ ಕಲಿತರೆಂದೇ ಹೇಳಬೇಕು. 1901ರ ಏಪ್ರಿಲ್‌ನಲ್ಲಿ ಉದ್ಯಮವನ್ನು ಎರಡು ಲಕ್ಷ ರೂಪಾಯಿ ಬಂಡವಾಳದ ಲಿಮಿಟೆಡ್ ಕಂಪನಿಯನ್ನಾಗಿ ಮಾಡಿದರು. 1903ರಲ್ಲಿ ರಾಜಶೇಖರ ಬಸು ಎಂಬ ತರುಣ ರಸಾಯನಜ್ಞ ಸೇರಿಕೊಂಡರು. ಬೇಗನೆ ಆಡಳಿತದ ಹೊಣೆಯೂ ಅವರ ಪಾಲಿಗೆ ಬಂದಿತು. 1932ರವರೆಗೆ ಸಂಸ್ಥೆಯನ್ನು ನಡೆಸಿದವರು ಅವರೇ. (‘ಪರಶುರಾಮ’ ಎಂಬ ಹೆಸರಿನಲ್ಲಿ ಬಂಗಾಳಿಯ ಶ್ರೇಷ್ಠ ಹಾಸ್ಯಕಥೆಗಳನ್ನು ಬರೆದವರೂ, ‘ಚಲಂತಿಕಾ’ ನಿಘಂಟನ್ನು ಮಾಡಿದವರೂ ಈ ರಾಜಶೇಖರರೇ. ಕಾರ್ಖಾನೆ ನಡೆಸುವವರಿಗೆ ಬರೆಯಲು ಪುರುಸೊತ್ತಿಲ್ಲವೆಂಬ ಮಾತನ್ನು ನಾವು ಇನ್ನು ಮುಂದೆ ನಂಬುವುದಿಲ್ಲ.) ರಾಯರ ಶಿಷ್ಯ ಸತೀಶಚಂದ್ರ ದಾಸಗುಪ್ತರು ಅಲ್ಲೇ ಬೆಂಕಿ ಆರಿಸುವ ಉಪಕರಣವೊಂದನ್ನು ಸಿದ್ಧಪಡಿಸಿದರು, ಮುಂದೆ ಎಲ್ಲವನ್ನೂ ಬಿಟ್ಟು ಗಾಂಧೀಜಿಯವರ ಖಾದಿ ಕೆಲಸಕ್ಕೆ ಹೋದರು. ಕಾರ್ಖಾನೆ 1905ರಲ್ಲಿ ಮಾಣಿಕ್‌ತಲಾಕ್ಕೆ, ಮೂಳೆ ಸುಟ್ಟ ಆ ದಿಕ್ಕಿಗೇ ಹೋಯಿತು. 1920ರಲ್ಲಿ ಪಾನಿಹಾಟಿಯಲ್ಲಿ ಎರಡನೆಯದು ಬಂದಿತು. ಮೊದಲು ಗಿಟ್ಟದೆಂದು ಬಿಟ್ಟಿದ್ದ ಗಂಧಕಾಮ್ಲವನ್ನು ಈಗ ದೊಡ್ಡ ಪ್ರಮಾಣದಲ್ಲಿ ತಾವೇ ತಯಾರಿಸುವಂತಾದರು.

ಇದು ಪ್ರಾಧ್ಯಾಪಕರ ಕಥೆಯಾಯಿತು, ಡಿ.ಎಸ್‌ಸಿ. ಇಲ್ಲದವರ ಗತಿಯೇನು ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಅದೇ ಕಾಲದ ನಮ್ಮ ಬೆಳಗಾವಿಯಲ್ಲಿದೆ. ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಾರರಾಗಬೇಕೆಂದು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಬಂದವರು. ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ಕಾಣವೆಂದು ತಿಳಿದ ಮೇಲೆ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. ತಮಗೆ ಬರಬೇಕಾದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಅಲ್ಲಿ ಅಣ್ಣ ರಾಮುಅಣ್ಣನವರೊಡನೆ ಸೈಕಲ್ ಅಂಗಡಿ. ಸಂಸ್ಥೆಯವರು ತಮ್ಮ ಆರಂಭವನ್ನು 1888ರಿಂದ ಎಣಿಸುತ್ತಾರೆ.

ಸೈಕಲ್ ಮಾರಾಟದಲ್ಲಿ ಬಂದ ಹಣವನ್ನು ಲಕ್ಷ್ಮಣರಾಯರು ಯಂತ್ರಗಳಿಗೆ ಸುರಿದರು. ದನಗಳಿಗೆ ಕಣಿಕಿ ಕತ್ತರಿಸುವ ಯಂತ್ರ, ಅನಂತರ 1903ರ ಸುಮಾರಿಗೆ ಕಬ್ಬಿಣದ ನೇಗಿಲು. ನಕ್ಷೆ ಬರೆದವರು ಅವರು, ಅಚ್ಚಿನ ಮುಂದೆ ನಿಂತವರು ಅವರು, ಹೊಲಕ್ಕೆ ಹೋಗಿ ಉತ್ತು ತೋರಿಸಿದವರೂ ಅವರೇ. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ದೂರ ನಿಂತರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಬೇರೆ ಯಾರಾದರೂ ತಡೆಯುತ್ತಿದ್ದರೇ? ನೇಗಿಲಿನ ಮೇಲೆ ನಂಬಿಕೆಯಿಡಲು ಅದನ್ನು ತಾನೇ ಮಾಡಿ ತಾನೇ ಉತ್ತು ನೋಡಿರಬೇಕು. ನಗರಸಭೆ ಜಾಗ ಬಿಡಿಸಿದಾಗ ಔಂಧ ಸಂಸ್ಥಾನದ ರಾಜರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ನೆಲ ಕೊಟ್ಟರು. ಹಾವು, ಪಾಪಾಸುಕಳ್ಳಿಗಳಿಂದ ತುಂಬಿದ್ದ ಆ ಬರಡು ನೆಲದಲ್ಲಿ 1910ರಲ್ಲಿ ಎದ್ದುದೇ ಕಿರ್ಲೋಸ್ಕರವಾಡಿ. ಪುಣೆಯ ಎಣ್ಣೆ ಎಂಜಿನ್, ಬೆಂಗಳೂರಿನ ವಿದ್ಯುತ್ ಮೋಟಾರು, 1941ರಲ್ಲಿ ಆರಂಭವಾಗಿ ಬಹುಕಾಲ ಲೇತ್‌ಗಳನ್ನು ತಯಾರಿಸಿದ ಹರಿಹರದ ಮೈಸೂರು ಕಿರ್ಲೋಸ್ಕರ್, ಇವೆಲ್ಲ ಆ ಬೇರಿನ ಕೊಂಬೆಗಳು. ಬೆಳಗಾವಿ ಆ ಜಾಗವನ್ನು ಬಿಡಿಸದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನಾವು ಒಮ್ಮೊಮ್ಮೆ ಹೊಟ್ಟೆ ಉರಿಸಿಕೊಳ್ಳುವುದುಂಟು. ಇರಲಿ.

ಇವರಿಬ್ಬರ ಎದುರಿಗೆ ಇಟ್ಟು ನೋಡಬೇಕಾದವು, 1905ರ ವಂಗಭಂಗದ ಚಳವಳಿಯಲ್ಲಿ ಅಣಬೆಗಳಂತೆ ಎದ್ದ ಸ್ವದೇಶಿ ಕಂಪನಿಗಳು. ಬೆಂಕಿಕಡ್ಡಿ, ಸಾಬೂನು, ಬಟ್ಟೆ ಎಂದು ಎಷ್ಟೋ ಹುಟ್ಟಿದವು. ಜನರ ಉತ್ಸಾಹವಿತ್ತು, ಷೇರು ಕೊಳ್ಳುವವರಿದ್ದರು, ನಿರ್ದೇಶಕ ಮಂಡಲಿಯಲ್ಲಿ ವಕೀಲರೂ ಜಮೀನುದಾರರೂ ಇದ್ದರು. ದೇಶಭಕ್ತಿಗೆ ಕೊರತೆಯಿರಲಿಲ್ಲ. ಆದರೆ ಕಡ್ಡಿಗೆ ಯಾವ ಮರ ಒಗ್ಗುತ್ತದೆ, ಮಳೆಗಾಲದಲ್ಲಿ ಮದ್ದು ಏಕೆ ಒದ್ದೆಯಾಗುತ್ತದೆ ಎಂಬುದು ಮಂಡಲಿಯಲ್ಲಿ ಕೂತವರಿಗೆ ಹೊಳೆಯುವ ಪ್ರಶ್ನೆಯಲ್ಲ. ಅನೇಕ ಕಂಪನಿಗಳು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿದವು. ಚಳವಳಿಗೆ ಹದಿಮೂರು ವರ್ಷ ಮೊದಲೇ ಮೂಳೆ ಸುಟ್ಟು ಕಲಿತಿದ್ದ ಬಂಗಾಲ್ ಕೆಮಿಕಲ್‌ಗೆ ಮಾತ್ರ ಆ ಅಲೆ ದೋಣಿಯಾಯಿತು. ಪಶ್ಚಿಮದಲ್ಲೂ ಹಾಗೆಯೇ: ಬರೋಡೆಯಲ್ಲಿ 1907ರಲ್ಲಿ ಹುಟ್ಟಿ ಬಾಳಿದ ಅಲೆಂಬಿಕ್‌ನ ಹಿಂದೆ ರಸಾಯನದ ಅಧ್ಯಾಪಕ ಗಜ್ಜರ್ ಮತ್ತು ಅವರ ಶಿಷ್ಯರಿದ್ದರು. ಮುಂಬಯಿಯಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ ಯಾರೋ ಡಾಂಬರು ಬಳಿದಾಗ, ಕಲೆ ಉಳಿಯದಂತೆ ಅದನ್ನು ತೆಗೆದುಕೊಟ್ಟವರು ಈ ಗಜ್ಜರರೇ!

ಹಾಗೆಂದು ಸ್ಥಾಪಕ ಪ್ರಯೋಗಶಾಲೆಯಲ್ಲಿದ್ದರೆ ಸಾಕು, ಉದ್ಯಮ ಚಿರಂಜೀವಿ ಎಂದು ನಾವು ಹೇಳಲಾರೆವು. ರಾಯರು 1944ರ ಜೂನ್ 16ರಂದು ತೀರಿಕೊಂಡರು. ಅವರ ಕೊನೆಯ ವರ್ಷಗಳು ಕಳೆದದ್ದು 92, ಅಪ್ಪರ್ ಸರ್ಕ್ಯುಲರ್ ರಸ್ತೆಯ ವಿಜ್ಞಾನ ಕಾಲೇಜಿನ ಒಂದು ಕೋಣೆಯಲ್ಲಿ. ಮೂಳೆ ಒಣಹಾಕಿದ 91ನೇ ನಂಬರಿನ ಪಕ್ಕದಲ್ಲೇ. ಅವರು ಹೋದ ಕೆಲವೇ ವರ್ಷಗಳಲ್ಲಿ ಔಷಧದ ಲೋಕವೇ ಬದಲಾಯಿತು. ಪೆನಿಸಿಲಿನ್ ಬಂದಿತು; ಅದನ್ನು ತಯಾರಿಸಲು ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರಕಾರವೇ ಕಾರ್ಖಾನೆ ಕಟ್ಟಬೇಕಾಯಿತು. ಸಂಜೆಯ ಬಿಡುವಿನಲ್ಲಿ ಒಬ್ಬರೇ ಕೂತು ಮಾಡುವ ಸಂಶೋಧನೆಯ ಕಾಲ ಮುಗಿದಿತ್ತು. ಹೊಸ ಕಾಲಕ್ಕೆ ತಕ್ಕ ಪ್ರಯೋಗವನ್ನು ಅದೇ ಹಟದಿಂದ ನಡೆಸುವವರು ಬಂಗಾಲ್ ಕೆಮಿಕಲ್‌ಗೆ ಮತ್ತೆ ಸಿಕ್ಕಲಿಲ್ಲವೆಂದು ನಮಗೆ ತೋರುತ್ತದೆ. ನಷ್ಟ ಬೆಳೆಯಿತು. 1977ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆಡಳಿತವನ್ನು ವಹಿಸಿಕೊಂಡಿತು, 1980ರಲ್ಲಿ ರಾಷ್ಟ್ರೀಕರಣವಾಯಿತು, 1981ರಲ್ಲಿ ಹೊಸ ಹೆಸರಿನ ಸರಕಾರಿ ಕಂಪನಿಯಾಯಿತು. ಸುಮಾರು ಆರು ದಶಕಗಳ ನಂತರ 2016-17ರಲ್ಲಿ ಮತ್ತೆ ಲಾಭ ಕಂಡಿತೆಂದು ಪತ್ರಿಕೆಗಳು ಬರೆದವು.

ಮುಂಬಯಿಯ ವಾಚಕರಿಗೆ ಇದು ಪರಕೀಯ ಸಂ‍ಸ್ಥೆಯೇನಲ್ಲ. 1938ರಲ್ಲಿ ಇಲ್ಲಿಯೂ ಅದರ ಕಾರ್ಖಾನೆ ಆರಂಭವಾಯಿತು. ಪ್ರಭಾದೇವಿಯ ರಸ್ತೆಯಲ್ಲಿ ಓಡಾಡುವವರಿಗೆ ಬಂಗಾಲ್ ಕೆಮಿಕಲ್ ಎಂಬುದು ಸ್ಥಳದ ಹೆಸರಾಗಿಯೇ ಪರಿಚಿತ. ಆ ಸಂಸ್ಥೆ ಮಾರುವ ಪದಾರ್ಥಗಳಲ್ಲಿ ಫಿನಾಯಿಲ್, ನ್ಯಾಫ್ತಲೀನ್ ಗುಳಿಗೆಗಳ ಜೊತೆಗೆ ‘ಅಕ್ವಾ ಟೈಕೋಟಿಸ್’ ಎಂಬ ಗಂಭೀರ ಹೆಸರಿನ ಒಂದು ಬಾಟಲಿ ಇಂದಿಗೂ ಉಂಟು. ರಾಯರ ಕಾಲದ ಅದೇ ಓಮದ ನೀರು. ಮದುವೆಯೂಟ ಹೆಚ್ಚಾದಾಗ ಎರಡು ಚಮಚ ನೀರಿಗೆ ಬೆರೆಸಿ ಕುಡಿಯುವ ವಾಡಿಕೆ ಬಂಗಾಳಿ ಮನೆಗಳಲ್ಲಿ ಇನ್ನೂ ತಪ್ಪಿಲ್ಲ.